ಮೊದಲ ಐನೂರು ಕಿಲೋಮೀಟರು

ಚೌಕುಳಿ ಲುಂಗಿಯಲ್ಲಿ ಸುತ್ತಿ, ಕದ್ದ ಕೋಳಿಯ ಹಾಗೆ
ಕಂಕುಳಲ್ಲಿ ಅವುಚಿಕೊಂಡು ತಂದ
ಬೊಮ್ಮಯ್ಯ ಹರಿಕಂತ್ರ, ತನ್ನ ಗಾಡಿಯ ಸಿಲಿಂಡರು.
ಅಂಕೋಲೆಯ ಬೇಲೆಕೇರಿ ರಸ್ತೆಯ ನನ್ನ ಲೇತಿನ ಪಕ್ಕ
ಇಳಿಸಿ ಹೇಳಿದ: 'ಅರಬೈಲ್ ಘಟ್ಟದಲ್ಲಿ ಹಿಡಕಂಡತು.
ಹಿಂದೆ ನಲವತ್ತು ಕಿಲೋ ಬಂಗಡೆ.
ಬಂಗಡೆ ಹೋಯ್ತು. ಇದನ್ನಾದ್ರೂ ನೋಡು.'

ಮೊದಲು ಉಗುರು.
ಇನಾಸಬಾಬ ಕಲಿಸಿದ್ದು ಹಾಗೆ:
ಗೇಜು ಆಮೇಲೆ ಹೇಳಲಿ, ಉಗುರು ಮೊದಲು ಕೇಳಲಿ.
ಕಿರುಬೆರಳು ಒಳಗೋಡೆಗುಂಟ ಇಳಿಯಿತು
ನುಣ್ಣಗೆ, ನುಣ್ಣಗೆ, ತಟ್ಟನೆ ಸಿಕ್ಕಿಕೊಂಡಿತು.
ಬಾವಿಕಟ್ಟೆಯ ಕಲ್ಲನ್ನು ಹಗ್ಗ ಕೊರೆದಂಥ ಗೀರು,
ಎಕ್ಸಾಸ್ಟ್ ಕಿಂಡಿಯ ಪಕ್ಕ ಮೂರು.
ಗೇಜಿನ ಮುಳ್ಳು ಬರಿದೆ ತಲೆದೂಗಿತು:
ಗೋಲವಿದ್ದದ್ದು ಮೊಟ್ಟೆಯಾಗಿದೆ.

ಪಿಸ್ಟನ್ನಿನ ನೆತ್ತಿಯ ಮಸಿ ಕೆರೆದೆ.
ಅಂಕಿ ಕಂಡಿತು: ನೂರು.
'ಇನ್ನು ಬೋರ್ ಮಾಡುವ ಹಾಗಿಲ್ಲ. ಇದು ಕೊನೆಯ ಸೈಜು.'
ಅವನಿಗೆ ಗೊತ್ತಿತ್ತು. ಆದರೂ ಲೆಕ್ಕ ಒಪ್ಪಿಸಿದ.
ಇಪ್ಪತ್ತೈದು, ಸುಂಕಸಾಳದ ಬಿಸಿಲಲ್ಲಿ ಆಯಿಲ್ ಮರೆತದ್ದು.
ಐವತ್ತು, ಗಂಗಾವಳಿ ಏರಿ ಗಾಡಿ ಎರಡು ದಿನ ನೀರಿನಡಿ.
ಎಪ್ಪತ್ತೈದು, ಅಳಿಯ ಒಯ್ದು... ಅಲ್ಲಿಗೆ ನಿಲ್ಲಿಸಿದ.
ನೂರನ್ನು ಕೊರೆದವ ನಾನೇ, ಅದಕ್ಕೆ ಕತೆ ಬೇಕಿರಲಿಲ್ಲ.
ಕಾಲು ಕಾಲು ಮಿಲಿಮೀಟರು ಅಗಲವಾಗುತ್ತ ಬಂದ ತೂತು,
ಹತ್ತೊಂಬತ್ತು ವರ್ಷ.

ಉಳಿದ ದಾರಿ ಸ್ಲೀವು.
ಹಳೆಯದನ್ನು ಇಡಿಯಾಗಿ ಕೊರೆದು ತೆಗೆದೆ.
ಟ್ರೇಯಲ್ಲಿ ಬಿದ್ದ ಬೂದು ಪುಡಿಯನ್ನು
ಬೊಮ್ಮಯ್ಯ ಬೆರಳಲ್ಲಿ ಮುಟ್ಟಿ, ಚಡ್ಡಿಗೆ ಒರೆಸಿಕೊಂಡ.
ಹೊಸ ಬೀಡಿನ ಕೊಳವೆಗೆ ಕಿಂಡಿ ಕತ್ತರಿಸಿ
ಅಂಚುಗಳನ್ನು ಅರ ಹಾಕಿ ಮಣಿಸಿದೆ,
ರಿಂಗು ಸಿಕ್ಕಿ ಮುರಿಯದ ಹಾಗೆ.
ಇನ್ನು ಕೂಡಿಸಬೇಕು:
ಹೊರಗಿನದು ಕಾದು ಹಿಗ್ಗಬೇಕು, ಒಳಗಿನದು ತಣಿದು ಕುಗ್ಗಬೇಕು.
ಸೀಮೆಎಣ್ಣೆ ಸ್ಟೋವು ನನ್ನಲ್ಲಿತ್ತು.
ಐಸು ಅವನ ಪೆಟ್ಟಿಗೆಯಲ್ಲಿ.

ಬಂಗಡೆ ಮಲಗುವ ಜಾಗದಲ್ಲಿ
ಒಂದು ತಾಸು ಬೀಡು ಮಲಗಿತು.
ತೆಗೆದರೆ ಮೈತುಂಬ ಬೆವರು, ಮೀನಿನ ನಾತ.
ಒರೆಸಿದವನೇ ಒಂದೇ ಉಸಿರಿಗೆ ಇಳಿಬಿಟ್ಟೆ.
ಟಪ್ಪ್.
ತಡೆದಿದ್ದರೆ ಅರ್ಧದಲ್ಲಿ ಕಚ್ಚಿಕೊಳ್ಳುತ್ತಿತ್ತು,
ಹಾಗೆ ಎರಡು ಕಚ್ಚಿಸಿದ್ದೇನೆ, ಹೇಳಿಕೊಂಡಿಲ್ಲ.

ಮಾರನೆಯ ದಿನ ಹೋನಿಂಗ್.
'ಕನ್ನಡಿ ಹಾಂಗೆ ಮಾಡು' ಅಂದ.
ಕನ್ನಡಿಯಲ್ಲಿ ಎಣ್ಣೆ ನಿಲ್ಲುವುದಿಲ್ಲ, ಬೊಮ್ಮಯ್ಯ,
ಅಡ್ಡಡ್ಡ ಗೀರಬೇಕು, ಬಲೆಯ ಕಣ್ಣಿನ ಹಾಗೆ.
ಬಲೆ ಎಂದ ಮೇಲೆ ಅವ ವಾದಿಸಲಿಲ್ಲ.

ವಾದ ಆಮೇಲೆ ಬಂತು.
'ಮೊದಲ ಐನೂರು ಕಿಲೋಮೀಟರು ನಲವತ್ತು ದಾಟಬೇಡ.
ಘಟ್ಟಕ್ಕೆ ಭಾರ ಹೇರಬೇಡ. ನಡುನಡುವೆ ನಿಲ್ಲಿಸಿ ಆರಿಸು.'
'ನಿಂಗೆ ಮರುಳ? ಹೊತ್ತಿಗೆ ಯಲ್ಲಾಪುರ ಮುಟ್ಟದಿದ್ರೆ
ಬಂಗಡೆ ಕಣ್ಣು ಕೆಂಪಾಗ್ತದೆ. ಮೀನು ಕಾಯ್ತದಾ?'
'ಬೀಡು ಓಡ್ತದಾ?'
ಚಾ ಬಂತು. ಇಬ್ಬರೂ ಲೋಟದೊಳಗೆ ನೋಡಿದೆವು.

ಸೋಮವಾರ ಏಳಕ್ಕೆ ಬಂದ.
ಕ್ಯಾರಿಯರಿನ ಮೇಲೆ ಐಸಿನ ಪೆಟ್ಟಿಗೆ ಇಲ್ಲ,
ಎರಡು ಬುಟ್ಟಿ, ಒಣ ಶೆಟ್ಲಿ, ಒಣ ಬಂಗಡೆ.
'ಭಾರವೂ ಇಲ್ಲ, ಅವಸರವೂ ಇಲ್ಲ' ಅಂದ,
'ಇವು ಸತ್ತು ತಿಂಗಳಾಯ್ತು.'

ಗುಳ್ಳಾಪುರದ ಹೆಂಗಸರು ಕೇಳಿದರಂತೆ:
ಬಂದರು ಬಂದಾಗಿದೆಯಾ, ತಾಜಾ ಯಾಕಿಲ್ಲ?
ಇಲ್ಲ ಮಾರಾಯ್ತಿ, ಗಾಡಿಗೆ ಬಾಣಂತನ, ಅಂದನಂತೆ.

ಸೈಕಲ್ಲಿನ ಹುಡುಗರು ಅವನನ್ನು ದಾಟಿ ಹೋಗುತ್ತಾರೆ.
ಅವ ಆಕ್ಸಿಲೇಟರು ಹಿಂಡುವುದಿಲ್ಲ.
ಸಂಜೆ ಅಂಗಡಿಯೆದುರು ಕೂಗಿ ಹೋಗುತ್ತಾನೆ:
'ಇನ್ನೂರ ಎಂಬತ್ತಾರು!'
ನಾನು ಲೇತು ನಿಲ್ಲಿಸಿ ಕಿವಿಗೊಡುತ್ತೇನೆ.
ಸದ್ದು ಇನ್ನೂ ಬಿಗಿ,
ಹೊಸ ಚಪ್ಪಲಿ ಹಾಕಿಕೊಂಡವರು ನಡೆದ ಹಾಗೆ.